ನಾಲ್ಕು ಕಣ್ಣಿನ ಪುಸ್ತಕ

ನಮ್ಮ ಮನೆಯಲ್ಲಿ ಯಾವ ಸಾಮಾನನ್ನೂ ಇದ್ದ ಜಾಗದಿಂದ ಕದಲಿಸುವ ಹಾಗಿರಲಿಲ್ಲ. ಬಚ್ಚಲಿನಲ್ಲಿ ಹಂಡೆಯ ಎಡಕ್ಕೆ ತಂಬಿಗೆ, ಹಜಾರದ ಮೂರನೇ ಗೂಟಕ್ಕೆ ಅಪ್ಪಾಜಿಯ ಕೋಟು, ಅದರ ನೇರಕ್ಕೆ ಕೆಳಗೆ ಅವರ ಮೆಟ್ಟು, ನಡುಮನೆಯ ಕಂಬಕ್ಕೆ ಒರಗಿಸಿದ ಊಟದ ಅಡ್ಡಣಿಗೆ, ಎಲ್ಲಕ್ಕೂ ಅವ್ವ ಜಾಗ ಗೊತ್ತು ಮಾಡಿದ್ದಳು. ಹುಣಸೂರಿನಲ್ಲಿ ಹೊಳೆಗೆ ಇಳಿಯುವ ಬೀದಿಯ ಮನೆ ಅದು. ಮುಂದೆ ಜಗಲಿ, ಒಳಗೆ ಹಜಾರ, ನಡುಮನೆ, ಹೊಗೆ ಹಿಡಿದ ಅಡುಗೆಮನೆ, ಹಿಂದೆ ಬಾವಿಯೂ ಒಂದು ನುಗ್ಗೆಮರವೂ ಇದ್ದ ಹಿತ್ತಲು. ಒಂದು ದಿನ ನಾನು ಅಳಗುಳಿಮಣೆಯನ್ನು ಹಜಾರದ ಹೊಸ್ತಿಲ ಬಳಿ ಬಿಟ್ಟು ಎದ್ದುಹೋದೆ. ಕೆಲಸದಿಂದ ಬಂದ ಅಪ್ಪಾಜಿ ಅದನ್ನು ಎಡವಿ ಗೋಡೆಗೆ ಹಣೆ ಬಡಿಸಿಕೊಂಡರು. ಸಾರು ತಿರುವುತ್ತಿದ್ದ ಅವ್ವ ಹಾಗೇ ಸೌಟು ಹಿಡಿದು ಬಂದು ಅದರ ಹಿಡಿಯಿಂದ ನನ್ನ ಬೆನ್ನಿಗೆ ಎರಡು ಕೊಟ್ಟಳು. ಅಪ್ಪಾಜಿ ಹಣೆ ಉಜ್ಜಿಕೊಳ್ಳುತ್ತ, ಪಾಪ, ಮಣೆಗೆ ಎಲ್ಲಾದರೂ ಪೆಟ್ಟಾಯಿತೇನೋ ನೋಡು ಎಂದು ನನಗೇ ಹೇಳಿ ನಕ್ಕರು. ನನಗಾಗ ಹನ್ನೊಂದೋ ಹನ್ನೆರಡೋ ವಯಸ್ಸು. ಅವ್ವ ಕಠಿಣ ಮನಸ್ಸಿನವಳು, ಅಪ್ಪಾಜಿ ಒಳ್ಳೆಯವರು ಎಂದು ಅಂದೇ ತೀರ್ಮಾನ ಮಾಡಿದೆ. ಎರಡನೆಯದು ನಿಜವಾಗಿತ್ತು. ಮೊದಲನೆಯದನ್ನು ತಿದ್ದಿಕೊಳ್ಳುವಷ್ಟರಲ್ಲಿ ನಾನು ಮಾಡಬಾರದ ಕೆಲಸ ಮಾಡಿ ಮುಗಿಸಿದ್ದೆ. ಆ ಮನೆಯ ಬಗ್ಗೆ ಮೊಮ್ಮಕ್ಕಳು ಕೇಳಿದಾಗಲೆಲ್ಲ ಹಬ್ಬ, ಅಡುಗೆ, ಹೊಳೆಯ ಈಜು ಎಂದು ಹೇಳಿ ಜಾರಿಕೊಂಡಿದ್ದೇನೆ. ಇಲ್ಲಿ ಜಾರಿಕೊಳ್ಳುವುದಿಲ್ಲ.

ಅಪ್ಪಾಜಿ, ಊರವರಿಗೆ ಬಸಪ್ಪನವರು, ಗಫೂರ್ ಸಾಹೇಬರ ಮರದ ಡಿಪೋದಲ್ಲಿ ರೈಟರಾಗಿದ್ದರು. ಹೆಗ್ಗಡದೇವನಕೋಟೆ ಕಡೆಯ ಕಾಡಿನಿಂದ ತೇಗ, ಹೊನ್ನೆ, ಮತ್ತಿಯ ದಿಮ್ಮಿಗಳು ಎತ್ತಿನ ಗಾಡಿಗಳಲ್ಲಿ ಬಂದು ಅಲ್ಲಿ ಬೀಳುತ್ತಿದ್ದವು. ಪ್ರತಿ ದಿಮ್ಮಿಯ ತುದಿಗೆ ಜಂಗಲಾತಿಯವರು, ಎಂದರೆ ಕಾಡಿನ ಇಲಾಖೆಯವರು, ಸುತ್ತಿಗೆಯಿಂದ ಮುದ್ರೆ ಹೊಡೆದಿರುತ್ತಿದ್ದರು. ಅದನ್ನು ಓದಿ, ಇದು ಇಂಥ ಕಾಡಿನ ಮರ, ಸರಿಯಾಗಿ ಬಂದ ಮರ ಎಂದು ಅಪ್ಪಾಜಿ ಹೇಳಿದ ಮೇಲೆಯೇ ಅದು ಗರಗಸದ ಕಟ್ಟೆ ಹತ್ತಬೇಕು. ಒಂದು ಮುದ್ರೆ ತಪ್ಪಾದರೆ ಅದು ಕದ್ದ ಮರ ಎಂದಾಗುತ್ತದೆ, ಸಾಹೇಬರ ಮಾನ ಬೀದಿಗೆ ಬರುತ್ತದೆ. ಮಳೆಯಲ್ಲಿ ನೆಂದು ಕೆಸರು ಮೆತ್ತಿದ ಮುದ್ರೆಯನ್ನೂ ಅಪ್ಪಾಜಿ ನಿಂತಲ್ಲಿಂದಲೇ ಓದುತ್ತಾರೆ ಎಂದು ಊರಲ್ಲಿ ಹೆಸರಿತ್ತು. ಸಾಹೇಬರಂತೂ ಬಂದವರಿಗೆಲ್ಲ ಅವರನ್ನು ತೋರಿಸಿ, ಇವರು ನನ್ನ ಕಣ್ಣು ಎನ್ನುತ್ತಿದ್ದರು. ಮದುವೆಗೆ ಮುಂಚೆ ಅಪ್ಪಾಜಿ ಮರ ಕಡಿಯುವ ಕ್ಯಾಂಪುಗಳಲ್ಲಿ ವರ್ಷಗಟ್ಟಲೆ ಇದ್ದವರು. ಅಲ್ಲಿ ಜೇನುಕುರುಬರ ಹಿಂದೆ ತಿರುಗಿ ಹಕ್ಕಿ ಪ್ರಾಣಿಗಳ ಹೆಸರು, ಕೂಗು, ಹೆಜ್ಜೆ ಎಲ್ಲ ಕಲಿತಿದ್ದರು. ನಮ್ಮದು ಲಿಂಗವಂತರ ಮನೆ, ಕೊಲ್ಲುವ ಮಾತೇ ಇಲ್ಲ. ಬೇರೆಯವರು ಬೇಸಿಗೆಯಲ್ಲಿ ಕೋವಿ ಹಿಡಿದು ಕಾಡಿಗೆ ಹೋದರೆ ಅಪ್ಪಾಜಿ ನಮ್ಮ ಕೈ ಹಿಡಿದುಕೊಂಡು ಹೋಗುತ್ತಿದ್ದರು.

ಯುಗಾದಿ ಕಳೆದ ಮೇಲೆ ಮುಂಗಾರು ಹತ್ತುವವರೆಗೆ ತಿಂಗಳಿಗೆರಡು ಸಲವಾದರೂ ಆ ಪ್ರಯಾಣ ಇದ್ದೇ ಇರುತ್ತಿತ್ತು. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವಂತಿಲ್ಲ. ಶುಕ್ರವಾರ ಸಾಹೇಬರ ನಮಾಜಿಗಾಗಿ ಡಿಪೋಗೆ ರಜೆ. ಹಾಗಾಗಿ ಶುಕ್ರವಾರವೇ ನಮ್ಮ ಹಬ್ಬ. ಕೋಳಿ ಕೂಗುವ ಹೊತ್ತಿಗೆ ನಿಂಗಯ್ಯನ ಕಮಾನುಗಾಡಿ ಬಾಗಿಲಿಗೆ ಬರುತ್ತಿತ್ತು. ಹುಲ್ಲಿನ ಮೇಲೆ ಜಮಖಾನ, ಅದರ ಮೇಲೆ ನಾನು, ತಮ್ಮ ಮಾದು, ಅವ್ವ, ಅವ್ವನ ಮಡಿಲ ಪಕ್ಕಕ್ಕೆ ಬುತ್ತಿಯ ಗಂಟು. ಮಾವಿನಕಾಯಿ ಚಿತ್ರಾನ್ನ, ಹಾಲು ಹೆಚ್ಚಾಗಿ ಮೊಸರು ಕಮ್ಮಿಯಾಗಿ ಕಲಸಿದ ಮೊಸರನ್ನ, ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ, ಒಂದು ಗಡಿಗೆ ಪಾನಕ. ಒಂದೆರಡು ಬೇಸಿಗೆ ಚುಂಚನಕಟ್ಟೆಗೂ ಹೋಗಿ ಕಾವೇರಿಯ ಬಂಡೆಗಳ ಮೇಲೆ ನೀರುಕಾಗೆಗಳು ರೆಕ್ಕೆ ಒಣಗಿಸುವುದನ್ನು ನೋಡಿ ಬಂದದ್ದುಂಟು. ಆದರೆ ಅಪ್ಪಾಜಿಗೆ ಪ್ರಿಯವಾದದ್ದು ಕೋಟೆ ರಸ್ತೆಯಲ್ಲಿ ಕಾಡಿನ ಅಂಚಿಗಿದ್ದ ಒಂದು ಕೆರೆ. ಬೇಸಿಗೆಯಲ್ಲಿ ನೀರು ನಡುವಿಗೆ ಇಂಗಿ ಸುತ್ತ ಕೆಸರು ಬಿರಿಯುತ್ತಿತ್ತು. ಬೇರೆಲ್ಲೂ ನೀರಿಲ್ಲದ ಜೀವಗಳೆಲ್ಲ ಅಲ್ಲಿಗೇ ಬರಬೇಕು. ಏರಿಯ ಮೇಲಿನ ಹೊಂಗೆ ಮರದ ಕೆಳಗೆ ಕೂತರೆ ಸಾಕು, ಬೆಳ್ಳಕ್ಕಿ, ಹಾವಕ್ಕಿ, ಮಿಂಚುಳ್ಳಿ, ಆಚೆ ದಡದಲ್ಲಿ ಜಿಂಕೆ, ಅದೃಷ್ಟವಿದ್ದ ದಿನ ಆನೆ. ಮಾತಾಡಿದರೆ ಮಾತ್ರ ಅಪ್ಪಾಜಿ ತುಟಿಯ ಮೇಲೆ ಬೆರಳಿಡುತ್ತಿದ್ದರು. ಉಳಿದಂತೆ ಆ ದಿನ ಮನೆಯ ಯಾವ ಕಟ್ಟಳೆಯೂ ನಮಗಿರಲಿಲ್ಲ.

ಕಟ್ಟಳೆ ಇದ್ದದ್ದು ಪುಸ್ತಕಕ್ಕೆ. ಡಿಪೋದಲ್ಲಿ ಮಿಕ್ಕಿದ ಉದ್ದನೆಯ ಪುಸ್ತಕ ಅದು, ಕೆಂಪು ಬಟ್ಟೆಯ ರಟ್ಟು. ಅದರಲ್ಲಿ ಗೆರೆ ಎಳೆದು ಮೂರು ಅಂಕಣ ಮಾಡಿದ್ದರು: ಏನು, ಎಲ್ಲಿ, ಮೊದಲು ಕಂಡವರು ಯಾರು. ನಾವು ಮಕ್ಕಳು ಏನನ್ನು ಕಂಡರೂ ಅಪ್ಪಾಜಿಗೆ ತೋರಿಸಬೇಕು. ಅವರೂ ನೋಡಿ, ಕಂಡೆ ಎಂದರೆ ಮಾತ್ರ ಅದು ಪುಸ್ತಕಕ್ಕೆ ಹೋಗುತ್ತಿತ್ತು. ತಡವಾಗಿ ತಿರುಗಿದರು, ಹಕ್ಕಿ ಹಾರಿತು ಎಂದರೆ ಇಲ್ಲ. ಅತ್ತರೂ ಇಲ್ಲ.

"ನೀನು ಕಂಡ್ರೆ ಸಾಲ್ದು ಕಣವ್ವ, ನಾನೂ ಕಾಣ್ಬೇಕು. ನಾಕು ಕಣ್ಣು ಕಂಡ್ರೇ ಬರ್ಯೋದು."

ಮುದ್ರೆ ಓದುವ ಮನುಷ್ಯನ ಕಟ್ಟಳೆ ಅದು, ಈಗ ಅರ್ಥವಾಗುತ್ತದೆ. ಹತ್ತು ಗಂಟೆಯ ಹೊತ್ತಿಗೆ ಅವರು ಕೆರೆಯಲ್ಲಿ ಕೈಕಾಲು ತೊಳೆದು, ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆಗೆ ಕೂರುತ್ತಿದ್ದರು. ಪೂಜೆ ಮುಗಿದ ಮೇಲೆ ಊಟ, ಊಟದ ಮೇಲೆ ಗಂಟಿನಿಂದ ಕೊಬ್ಬರಿ ಬೆಲ್ಲ ತೆಗೆದು ಹಂಚುವುದು. ಆ ದಿನದ ಪುಸ್ತಕದಲ್ಲಿ ಯಾರ ಹೆಸರು ಹೆಚ್ಚು ಸಲ ಬಂದಿದೆಯೋ ಅವರಿಗೆ ದೊಡ್ಡ ತುಂಡು. ಆ ತುಂಡನ್ನು ಕೆನ್ನೆಯಲ್ಲಿ ಇಟ್ಟುಕೊಂಡು ಮಾದುವಿನ ಮುಂದೆ ಉಬ್ಬಿಸಿ ತೋರಿಸುವುದಿತ್ತಲ್ಲ, ಅದಕ್ಕಿಂತ ದೊಡ್ಡ ಪದವಿ ಆಮೇಲೆ ನನಗೆ ಸಿಗಲಿಲ್ಲ.

ಒಂದು ಬೇಸಿಗೆಯಲ್ಲಿ ನಾನು ಬಾಲದಂಡೆ ಹಕ್ಕಿ ನೋಡಿದೆ. ಮೈಯೆಲ್ಲ ಬಿಳಿ, ತಲೆ ಕಪ್ಪು, ತಲೆಯ ಮೇಲೆ ಜುಟ್ಟು, ಗೇಣಿಗಿಂತ ಉದ್ದದ ಎರಡು ಬಾಲಗರಿ. ಹೊಂಗೆಯ ನೆರಳಿನಲ್ಲಿ ಒಂದು ಸುತ್ತು ಸುತ್ತಿ ಪೊದೆಯ ಒಳಕ್ಕೆ ಹೋಯಿತು. ಅಪ್ಪಾಜಿ ಎಷ್ಟೋ ಸಲ ಅದರ ವರ್ಣನೆ ಮಾಡಿದ್ದರು, ಪುಸ್ತಕದಲ್ಲಿ ಮಾತ್ರ ಅದು ಇರಲಿಲ್ಲ. ನಾನು ಕೂಗಿಕೊಂಡೆ. ಅಪ್ಪಾಜಿ ತಿರುಗಿ ಬಹಳ ಹೊತ್ತು ನೋಡಿದರು. ಆಮೇಲೆ, ನಂಗೆ ಕಾಣ್ಲಿಲ್ಲ, ಬರ್ಯಂಗಿಲ್ಲ ಎಂದರು. ನಾನು ಆಣೆ ಇಟ್ಟೆ, ಕಾಲು ಬಡಿದೆ, ಊಟ ಬೇಡವೆಂದೆ. ಅವ್ವ ಸಮಾಧಾನ ಮಾಡುವುದು ಬಿಟ್ಟು ಹಠಮಾರಿ ಎಂದು ಬೈದಳು. ಮಾದು ಮನೆಗೆ ಬಂದು ಬೀದಿಯ ಮಕ್ಕಳಿಗೆಲ್ಲ, ನಮ್ಮಕ್ಕ ಇಲ್ಲದ ಹಕ್ಕಿ ಕಂಡಳು ಎಂದು ಸಾರಿದ. ಅವನಿಗಾಗ ಆರು ವರ್ಷ, ಅವನನ್ನು ಏನೆಂದು ದೂರಲಿ. ಒಂದು ವರ್ಷ ಪೂರ್ತಿ ಆ ಮಾತು ನನ್ನ ಹೊಟ್ಟೆಯಲ್ಲಿ ಕೂತಿತ್ತು.

ಮುಂದಿನ ಬೇಸಿಗೆಗೆ ಎಲ್ಲವೂ ಬೇರೆಯಾಗಿತ್ತು. ನಿನ್ನ ಅಕ್ಷರ ದುಂಡಾಗಿದೆ, ಇನ್ನು ಮೇಲೆ ನೀನೇ ಬರಿ ಎಂದು ಅಪ್ಪಾಜಿ ಪುಸ್ತಕವನ್ನೂ ಸೀಸದಕಡ್ಡಿಯನ್ನೂ ನನ್ನ ಕೈಗೆ ಕೊಟ್ಟರು. ನಾನು ಹಿಗ್ಗಿದೆ. ಆ ಹಿಗ್ಗು ಕೆರೆಯ ಏರಿ ಹತ್ತುವವರೆಗೆ ಮಾತ್ರ. ಮಾದು ಏನು ತೋರಿಸಿದರೂ ಅಪ್ಪಾಜಿ ಕಂಡೆ ಎನ್ನುತ್ತಿದ್ದರು. ನೀಲಿ ಹಕ್ಕಿ ಎಂದು ಅವನು ಕೂಗಿದರೆ, ಎಲ್ಲಿ ಕುಂತದೆ, ಕೊಕ್ಕು ದಪ್ಪದೋ ಸಣ್ಣದೋ, ಬಾಲ ಕುಣಿಸುತ್ತದೋ ಇಲ್ಲವೋ ಎಂದು ಒಂದೊಂದೇ ಕೇಳಿ, ಆಮೇಲೆ ಹೆಸರು ಹೇಳಿ, ಕಂಡೆ, ಬರ್ಕೊ ಗಿರಿಜಾ ಎನ್ನುತ್ತಿದ್ದರು. ನಾನು ಬರೆಯಬೇಕು, ಮಾದುವಿನ ಹೆಸರನ್ನು ನನ್ನ ದುಂಡು ಅಕ್ಷರದಲ್ಲಿ. ಎರಡು ಪ್ರಯಾಣದಲ್ಲಿ ದೊಡ್ಡ ತುಂಡು ಅವನ ಪಾಲಾಯಿತು. ಗಂಡುಮಗ, ಆದ್ದರಿಂದ ಎಲ್ಲ ಕಾಣುತ್ತದೆ. ಹೆಣ್ಣುಮಗಳು ತೋರಿಸಿದರೆ ಕಾಣುವುದಿಲ್ಲ. ಹೀಗೆ ನಾನು ಲೆಕ್ಕ ಹಾಕಿದೆ.

ನನಗೆ ಗೊತ್ತಿರಲಿಲ್ಲ ಎಂದು ನಾನು ಬಹಳ ವರ್ಷ ನನಗೇ ಹೇಳಿಕೊಂಡು ಬಂದೆ. ಅದು ಸುಳ್ಳು. ಆ ಬೇಸಿಗೆಯ ಮೊದಲಲ್ಲೇ ಒಂದು ಮಧ್ಯಾಹ್ನ ನಾನು ಡಿಪೋಗೆ ಊಟದ ಡಬ್ಬಿ ತೆಗೆದುಕೊಂಡು ಹೋಗಿದ್ದೆ. ದಿಮ್ಮಿಗಳ ರಾಶಿಯ ಹಿಂದೆ ಅಪ್ಪಾಜಿ ಒಬ್ಬರೇ ಇದ್ದರು. ಒಂದು ದಿಮ್ಮಿಯ ತುದಿಗೆ ಮೊಣಕಾಲೂರಿ, ಮುದ್ರೆಯ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಆಡಿಸುತ್ತ, ತುಟಿಯಲ್ಲೇ ಅಕ್ಷರ ಕೂಡಿಸುತ್ತಿದ್ದರು. ನಾನು ಹತ್ತು ಹೆಜ್ಜೆ ದೂರದಲ್ಲಿ, ಬಿಸಿಲಿನಲ್ಲಿ, ಕೆಂಪು ಲಂಗ ಉಟ್ಟು ನಿಂತಿದ್ದೆ. ಅವರು ತಲೆಯೆತ್ತಿ ಯಾರು ಎಂದು ಕೇಳಿದರು. ನಾನು ಎಂದೆ. ಗಿರಿಜೆಯೋ, ಬಾರವ್ವ ಎಂದರು. ಅಷ್ಟೇ ನಡೆದದ್ದು. ಮನೆಗೆ ಬಂದು ನಾನು ಇದನ್ನು ಯಾರಿಗೂ ಹೇಳಲಿಲ್ಲ. ಹೇಳದೆ ಇಟ್ಟುಕೊಂಡೆ ಎಂದರೆ ನನಗೆ ಏನೋ ತಿಳಿದಿತ್ತು ಎಂದೇ ಅರ್ಥ.

ಆ ವರ್ಷ ಬಕ್ರೀದ್ ಹಬ್ಬ ಬೇಸಿಗೆಯಲ್ಲಿ ಬಂದಿತ್ತು, ಡಿಪೋಗೆ ಮೂರು ದಿನ ರಜೆ. ಸಾಹೇಬರ ಮಗಳ ಮಕ್ಕಳಿಬ್ಬರು ಮೈಸೂರಿನಿಂದ ಬಂದಿದ್ದರು. ನಿಮ್ಮ ಹಕ್ಕಿ ಪುಸ್ತಕದ ಮಾತು ಕೇಳಿ ಕೇಳಿ ಸಾಕಾಗಿದೆ, ಈ ಸಲ ಮಕ್ಕಳನ್ನೂ ನನ್ನನ್ನೂ ಕರೆದುಕೊಂಡು ಹೋಗಿ ಎಂದು ಸಾಹೇಬರು ಕೇಳಿದರಂತೆ. ಅಪ್ಪಾಜಿ ಒಪ್ಪಿಕೊಂಡು ಬಂದರು. ಅಂದು ಅಡುಗೆಮನೆಯಲ್ಲಿ ಅವ್ವನಿಗೂ ಅವರಿಗೂ ಜಗಳವಾಯಿತು. ನಮ್ಮ ಮನೆಯ ಜಗಳಗಳು ಪಾತ್ರೆಯ ಸದ್ದಿನಲ್ಲಿ ಕೇಳಿಸುತ್ತಿದ್ದವು, ಮಾತು ಕಡಿಮೆ. ಅಂದು ಮಾತೂ ಕೇಳಿಸಿತು.

"ಅವ್ರ ಮುಂದೆ ಎಂಗ್ರೀ ಸಂಬಾಳಿಸ್ತೀರಿ? ಏನಾರ ಹೇಳಿ ತಪ್ಪಿಸ್ಬಾರ್ದಾ?"

"ಬ್ಯಾಡ ಅಂದ್ರೆ ಯಾಕೆ ಅಂತಾರೆ. ನೀನು ಪಕ್ಕದಲ್ಲಿರು, ಸಾಕು."

ಅವರ ಊಟ ಬೇರೆ, ನಮ್ಮ ಊಟ ಬೇರೆ, ಅದಕ್ಕೆ ಅವ್ವ ಮುಜುಗರಪಡುತ್ತಿದ್ದಾಳೆ ಎಂದು ನಾನು ಅಂದುಕೊಂಡೆ. ಸಾಹೇಬರು ಅದನ್ನೂ ಯೋಚಿಸಿದ್ದರು. ಮಾರನೆಯ ಬೆಳಗ್ಗೆ ತಮ್ಮ ಗಾಡಿಯಲ್ಲಿ ಅವರು ತಂದದ್ದು ಬರೀ ಹಣ್ಣು, ಒಣದ್ರಾಕ್ಷಿ, ಬಾದಾಮಿ. ಬಸಪ್ಪನವರ ಜೊತೆ ಹೋಗುವಾಗ ಕೋವಿಗೆ ಏನು ಕೆಲಸ ಎಂದು ಅದನ್ನು ಮನೆಯಲ್ಲೇ ಬಿಟ್ಟು ಬಂದಿದ್ದರು. ಇಷ್ಟು ಮರ್ಯಾದೆಯ ಮನುಷ್ಯರ ಎದುರಿಗೆ ನಾನು ಆ ಕೆಲಸ ಮಾಡಿದೆ.

ಕೆರೆಯ ಏರಿಯ ಮೇಲೆ ಅಂದು ಅಪ್ಪಾಜಿ ಮೊದಲಿನ ಅಪ್ಪಾಜಿಯೇ ಆಗಿದ್ದರು. ಕಣ್ಣು ಮುಚ್ಚಿಕೊಂಡು ಕೂಗುಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದರು: ಅದು ಕುಟುರ, ಇದು ಕೆಂಬೂತ, ಇದು ಹೆಣ್ಣು ನವಿಲು, ಮರಿಗಳನ್ನು ಕರೆಯುತ್ತಿದೆ. ಆಚೆ ದಡಕ್ಕೆ ಜಿಂಕೆಗಳು ಇಳಿಯುವುದನ್ನು ನಮಗಿಂತ ಮೊದಲು ಅವರೇ ಹೇಳಿದರು, ಒಣಗಿದ ಎಲೆಯ ಸದ್ದಿನಿಂದ. ಸಾಹೇಬರ ಮೊಮ್ಮಕ್ಕಳು ಬಾಯಿ ತೆರೆದುಕೊಂಡು ಕೂತಿದ್ದರು. ಸಾಹೇಬರು ತೊಡೆ ತಟ್ಟಿ ಮಾಶಾಲ್ಲಾ ಎನ್ನುತ್ತಿದ್ದರು. ಅವ್ವ ಅಪ್ಪಾಜಿಯ ಹಿಂದೆಯೇ ಕೂತಿದ್ದಳು. ಹಕ್ಕಿಯೆಂದರೆ ಹಪ್ಪಳ ಕುಕ್ಕುವ ಕಾಗೆ ಮಾತ್ರ ಎಂದು ತಿಳಿದಿದ್ದ ಅವ್ವ ಅಂದು, ಆ ಗೊಬ್ಬಳಿ ಮರದ ಮೇಲೆ ಕುಂತಿರೋದು ಏನ್ರೀ, ನೀಲಿ ಬೆನ್ನು, ಕೆಂಪು ಕೊಕ್ಕು, ಎದೆ ಮಾತ್ರ ಬೆಳ್ಳಗಿದೆ ಎಂದು ರಾಗವಾಗಿ ಕೇಳಿದಳು. ಮಿಂಚುಳ್ಳಿ ಕಣೇ, ಕಂಡೆ ಎಂದರು ಅಪ್ಪಾಜಿ. ಬರ್ಕೊ ಗಿರಿಜಾ, ನಿಮ್ಮವ್ವನ ಹೆಸರು. ಎಲ್ಲರೂ ನಕ್ಕರು. ಅವ್ವನ ಹೆಸರೂ ಬಂತು, ಮಾದುವಿನದು ನಾಲ್ಕು ಸಲ ಬಂತು, ಸಾಹೇಬರ ಮೊಮ್ಮಗಳ ಹೆಸರು ಕೂಡ ಬಂತು. ನನ್ನದು ಒಂದೂ ಇಲ್ಲ, ಯಾಕೆಂದರೆ ನಾನು ಬೆಳಗಿನಿಂದ ಹಕ್ಕಿಗಳನ್ನು ನೋಡುತ್ತಲೇ ಇರಲಿಲ್ಲ. ಅಪ್ಪಾಜಿಯ ಮುಖವನ್ನು ನೋಡುತ್ತಿದ್ದೆ. ಹಕ್ಕಿ ಹಾರಿದರೂ ಅವರ ಕಣ್ಣು ಖಾಲಿ ಕೊಂಬೆಯ ಕಡೆಗೇ ಇರುತ್ತಿತ್ತು.

ಕೆರೆಯ ಆಚೆಗೆ ಒಂದು ಬೂರುಗದ ಮರ, ಎಲೆಯೆಲ್ಲ ಉದುರಿ ಬೋಳಾಗಿತ್ತು. ಒಂದು ಗುಬ್ಬಿಯೂ ಅದರ ಮೇಲೆ ಇರಲಿಲ್ಲ. ನಾನು ಅದರ ಕಡೆ ಕೈ ತೋರಿಸಿ ಎದ್ದು ನಿಂತೆ.

"ಅಪ್ಪಾಜಿ, ಬೂರುಗದ ಮೇಲೆ ಬಾಲದಂಡೆ. ಹೋದ್ಸಲದ್ದೇ."

ಅಪ್ಪಾಜಿ ಅತ್ತ ತಿರುಗಿದರು. ಅವರ ಮುಖ ಅರಳಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಎಲ್ಲಿ ಎಂದಾಗಲಿ, ಹೇಗಿದೆ ಎಂದಾಗಲಿ ಅವರು ಕೇಳಲಿಲ್ಲ. ಮಾದುವನ್ನು ಕೇಳುತ್ತಿದ್ದ ಒಂದು ಪ್ರಶ್ನೆಯನ್ನೂ ನನ್ನನ್ನು ಕೇಳಲಿಲ್ಲ. ಹಿಂದಿನಿಂದ ಅವ್ವ ಏನೋ ಹೇಳಲು ಬಾಯಿ ತೆರೆದಳು, ಅಷ್ಟರಲ್ಲಿ ಅವರು ಹೇಳಿಯಾಗಿತ್ತು.

"ಕಂಡೆ. ಕಂಡೆ ಕಣವ್ವ. ಬರ್ಕೊ, ದೊಡ್ಡ ಅಕ್ಷರದಲ್ಲಿ ನಿನ್ನ ಹೆಸರು ಬರ್ಕೊ."

ಸೀಸದಕಡ್ಡಿ ನನ್ನ ಕೈಯಲ್ಲಿತ್ತು. ಬರೆದು ಸುಮ್ಮನಾಗಬಹುದಿತ್ತು. ಸಾಹೇಬರ ಮೊಮ್ಮಗ, ಎಲ್ಲಿ ನನಗೇನೂ ಕಾಣುತ್ತಿಲ್ಲವಲ್ಲ ಎಂದು ಕುತ್ತಿಗೆ ಚಾಚುತ್ತಿದ್ದ. ಸಾಹೇಬರೂ ಹುಬ್ಬಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದರು. ನಾನು ಪುಸ್ತಕ ಮುಚ್ಚಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

"ಅಲ್ಲಿ ಏನೂ ಇಲ್ಲ. ಬರೀ ಕೊಂಬೆ. ಅಪ್ಪಾಜಿಗೆ ಕಣ್ಣು ಕಾಣ್ಸಲ್ಲ, ಎಲ್ಲಾ ಸುಳ್ಳೇ ಕಂಡೆ ಅಂತಾರೆ."

ಯಾರೂ ನನ್ನನ್ನು ಗದರಿಸಲಿಲ್ಲ. ಗದರಿಸಿದ್ದರೆ ಎಷ್ಟೋ ಚೆನ್ನಾಗಿತ್ತು. ಅಪ್ಪಾಜಿ ರುಮಾಲು ಸರಿಮಾಡಿಕೊಂಡರು, ಅದು ಸರಿಯಾಗಿಯೇ ಇತ್ತು. ಬಿಸಿಲೇರಿತು, ಪೂಜೆಗೆ ಹೊತ್ತಾಯಿತು ಎಂದು ಯಾರಿಗೋ ಹೇಳುವಂತೆ ಹೇಳಿ ಎದ್ದರು. ಪ್ರತಿ ಸಲ ತಾವೇ ಇಳಿಯುತ್ತಿದ್ದ ಜಾಗ ಬಿಟ್ಟು, ಗಾಬರಿಯಲ್ಲಿ ಮುಳ್ಳುಪೊದೆಯ ಕಡೆಗೆ ನಾಲ್ಕು ಹೆಜ್ಜೆ ನಡೆದರು. ಅವ್ವ ಓಡಿಹೋಗಿ ಅವರ ಮಣಿಕಟ್ಟು ಹಿಡಿದಳು. ಅವ್ವ ನಾಲ್ಕು ಜನರ ಎದುರಿಗೆ ಅಪ್ಪಾಜಿಯ ಕೈ ಮುಟ್ಟಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಅವರಿಬ್ಬರೂ ಮೆಲ್ಲಗೆ ನೀರಿಗೆ ಇಳಿಯುವುದನ್ನು ಸಾಹೇಬರು ನೋಡದವರಂತೆ ಮುಖ ತಿರುಗಿಸಿಕೊಂಡರು. ಆಮೇಲೆ ಜೋರಾಗಿ, ಅಪ್ಪಾಜಿಗೆ ಕೇಳಲಿ ಎಂದೇ ಹೇಳಿದರು:

"ಈ ಬಿಸ್ಲಲ್ಲಿ ನನಗೂ ಆ ಮರ ಕಾಣ್ತಿಲ್ಲ ಬಸಪ್ಪನವರೇ."

ವಾಪಸು ಗಾಡಿ ಹತ್ತಿದೆವು. ಮಾದು ನಿದ್ದೆ ಹೋಗಿದ್ದ. ಅರ್ಧ ದಾರಿಯಲ್ಲಿ ಅಪ್ಪಾಜಿ ಗಂಟನ್ನು ತಡವಿ ಕೊಬ್ಬರಿ ಬೆಲ್ಲ ತೆಗೆದರು. ಬೆರಳಿನಲ್ಲೇ ಅಳೆದು, ದೊಡ್ಡ ತುಂಡನ್ನು ಆರಿಸಿ, ನಾನು ಕೂತ ಕಡೆಗೆ ಕೈ ಚಾಚಿದರು. ಇದ್ದದ್ದನ್ನು ಮೊದಲು ಕಂಡವಳು ನಾನು ಎಂದು ಕೊಟ್ಟರೋ, ಮಗು ಹೆದರಿದೆ ಎಂದು ಕೊಟ್ಟರೋ, ಇವತ್ತಿನವರೆಗೂ ನನಗೆ ಗೊತ್ತಿಲ್ಲ. ತಿನ್ನಲು ಆಗಲಿಲ್ಲ, ಎಸೆಯಲು ಆಗಲಿಲ್ಲ. ಮುಷ್ಟಿಯಲ್ಲೇ ಹಿಡಿದುಕೊಂಡೆ. ಹುಣಸೂರು ಬರುವಷ್ಟರಲ್ಲಿ ಬೆಲ್ಲ ಕರಗಿ ಮೊಣಕೈವರೆಗೆ ಇಳಿದಿತ್ತು.

ಮನೆಗೆ ಬಂದು ಕೈ ತೊಳೆಯಲು ಬಚ್ಚಲಿಗೆ ಹೋದೆ. ಅವ್ವ ಹಿಂದೆಯೇ ಬಂದಳು. ಏಟು ಬೀಳುತ್ತದೆ ಎಂದು ನಾನು ಬೆನ್ನು ಬಗ್ಗಿಸಿ ನಿಂತೆ. ಅವಳು ಹೊಡೆಯಲಿಲ್ಲ. ಹಂಡೆಯ ಎಡಕ್ಕಿದ್ದ ತಂಬಿಗೆಯಿಂದ ನೀರು ತೆಗೆದು ನನ್ನ ಕೈ ತೊಳೆದು, ತಂಬಿಗೆಯನ್ನು ಮತ್ತೆ ಅದೇ ಜಾಗಕ್ಕೆ ಇಟ್ಟಳು.

"ಎರಡು ವರ್ಷ ಮುಚ್ಚಿಕೊಂಡಿದ್ದೆ ಕಣವ್ವ. ನನ್ ಮಕ್ಳಿಗೂ ಹೇಳ್ಲಿಲ್ಲ. ಹೇಳಿದ್ರೆ ಆಗ್ತಿತ್ತೇನೋ."

ತಪ್ಪನ್ನು ಅವಳು ತನ್ನ ಮೇಲೆ ಹಾಕಿಕೊಂಡಳು. ಮಣೆ ಎಡವಿದ ದಿನದ ಎರಡು ಏಟಿಗೆ ಕಾರಣ ನನಗೆ ಅಲ್ಲಿ, ಬಚ್ಚಲಿನ ಹೊಗೆಯಲ್ಲಿ ಹೊಳೆಯಿತು. ಎರಡು ವರ್ಷ ಎಂದರೆ ಹಿಂದಿನ ಬೇಸಿಗೆಯೂ ಅದರಲ್ಲಿ ಸೇರಿತ್ತು. ನನ್ನ ನಿಜವಾದ ಬಾಲದಂಡೆ ಅಪ್ಪಾಜಿಗೆ ಕಾಣದೆ ಹೋದದ್ದು ಅದಕ್ಕೇ. ಕಾಣಲಿಲ್ಲ ಎಂದು ಅವರು ಸತ್ಯವನ್ನೇ ಹೇಳಿದ್ದರು. ಆ ಒಂದು ಸತ್ಯಕ್ಕಾಗಿ ವರ್ಷವಿಡೀ ನಾನು ಮುಖ ಊದಿಸಿಕೊಂಡು ತಿರುಗಿದ್ದನ್ನು ನೋಡಿ, ಈ ಸಲ ನನ್ನ ಮಾತನ್ನು ಪರೀಕ್ಷೆ ಮಾಡದೆ ಒಪ್ಪಿಕೊಂಡಿದ್ದರು.

ಎರಡು ದಿನ ಬಿಟ್ಟು ಸಾಹೇಬರು ತಾವೇ ಮನೆಗೆ ಬಂದರು. ಒಳಗೆ ಬನ್ನಿ ಎಂದರೂ ಬರದೆ ಜಗಲಿಯ ಮೇಲೆ ಕೂತರು. ನಾನು ಹಜಾರದ ಬಾಗಿಲ ಹಿಂದಿದ್ದೆ. ಬಹಳ ಹೊತ್ತು ಮರದ ಮಾತು, ಮಳೆಯ ಮಾತು ಆಯಿತು. ಕೊನೆಗೆ ಅವರು ನೆಲ ನೋಡಿಕೊಂಡು ಹೇಳಿದರು.

"ಮುದ್ರೆ ಒಂದು ತಪ್ಪಿದ್ರೆ ಜಂಗಲಾತಿಯೋರು ನನ್ನ ಬಿಡಲ್ಲ ಬಸಪ್ಪನವರೇ, ನಿಮ್ಮನ್ನೂ ಬಿಡಲ್ಲ. ನೀವು ಡಿಪೋ ಬಿಡೋದು ಬ್ಯಾಡ. ಬಾಗಿಲಲ್ಲಿ ಕೂತಿರಿ. ನೀವು ಕೂತಿದ್ರೆ ಸಾಕು ನಂಗೆ."

ಅಪ್ಪಾಜಿ ಸರಿ ಎಂದರು. ಇಷ್ಟು ದಿನ ಒಂದು ಮುದ್ರೆಯನ್ನೂ ನಾನು ತಪ್ಪಾಗಿ ಓದಿಲ್ಲ ಎಂದೂ ಹೇಳಿದರು, ಒಂದೇ ಸಲ. ಸಾಹೇಬರು ಅದು ನನಗೆ ಗೊತ್ತು ಎಂದರು. ತಮ್ಮ ಖರ್ಚಿನಲ್ಲೇ ಮೋಟಾರಿನಲ್ಲಿ ಮೈಸೂರಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದರು. ಇದು ಪೊರೆಯಲ್ಲ, ಕಣ್ಣಿನ ಹಿಂದಿನ ನರ ಒಣಗುತ್ತಿದೆ, ಮಾಡುವುದಕ್ಕೇನಿಲ್ಲ ಎಂದು ಡಾಕ್ಟರು ಹೇಳಿದರಂತೆ. ಅಲ್ಲಿಂದ ಮುಂದೆ ಅಪ್ಪಾಜಿ ಡಿಪೋದ ಬಾಗಿಲಲ್ಲಿ ಒಂದು ಸ್ಟೂಲಿನ ಮೇಲೆ ಕೂರುತ್ತಿದ್ದರು. ಊಟಕ್ಕೆ ನಮಗೇನೂ ಕೊರತೆಯಾಗಲಿಲ್ಲ. ಮುದ್ರೆ ಓದಲು ಬಂದ ಹೊಸಬರು ಒಳಗಿನಿಂದ ಕೂಗಿ ಹೇಳುವುದು ಬಾಗಿಲವರೆಗೆ ಕೇಳಿಸುತ್ತಿತ್ತು. ಡಬ್ಬಿ ತೆಗೆದುಕೊಂಡು ಹೋದಾಗ ನಾನು ದೂರದಿಂದಲೇ, ಅಪ್ಪಾಜಿ, ನಾನು ಗಿರಿಜೆ ಎಂದು ಕೂಗಿಕೊಂಡೇ ಹೋಗುತ್ತಿದ್ದೆ, ಅವರು ಯಾರು ಎಂದು ಕೇಳುವ ಹಾಗಾಗಬಾರದೆಂದು. ಇದನ್ನು ಯಾರಾದರೂ ಪ್ರೀತಿ ಎಂದರೆ ನಾನು ಒಪ್ಪುವುದಿಲ್ಲ. ಅದು ನಾಚಿಕೆ. ನನ್ನ ಎಲ್ಲ ಒಳ್ಳೆಯತನಗಳೂ ಆಮೇಲೆ ಅದೇ ಬೇರಿನಿಂದ ಹುಟ್ಟಿದವು.

ಗಾಡಿ ಮತ್ತೆ ಕೆರೆಯ ಕಡೆಗೆ ಹೋಗಲಿಲ್ಲ. ಪುಸ್ತಕವನ್ನು ಯಾರೂ ಕೇಳಲಿಲ್ಲ, ನನ್ನ ಪೆಟ್ಟಿಗೆಯಲ್ಲೇ ಉಳಿಯಿತು. ಕಂಡೆ ಎಂಬ ಮಾತನ್ನು ಅಪ್ಪಾಜಿ ಬಿಟ್ಟೇಬಿಟ್ಟರು. ಹಬ್ಬದ ಚಂದ್ರನನ್ನು ಎಲ್ಲರೂ ನೋಡಿ ಕೈ ಮುಗಿದರೆ ಅವರು, ನೀವು ಕಂಡ್ರಲ್ಲ, ಸಾಕು ಎನ್ನುತ್ತಿದ್ದರು. ನನ್ನನ್ನು ನೋಡಲು ಬಂದ ಹುಡುಗನ ವಿಷಯದಲ್ಲೂ ಅದನ್ನೇ ಹೇಳಿದರು. ಕೊನೆಕೊನೆಗೆ ಅವರಿಗೆ ತುಸುವಾದರೂ ಕಾಣುತ್ತಿದ್ದುದೆಂದರೆ ಪೂಜೆಗೆ ಕೂತಾಗ ಅಂಗೈಯಲ್ಲಿದ್ದ ಲಿಂಗ. ಬರಬರುತ್ತ ಅದೂ ಹೋಯಿತು.

ನನ್ನ ಮದುವೆಗೆ ಮುಂಚಿನ ಬೇಸಿಗೆ ಅದು. ಒಂದು ಬೆಳಗ್ಗೆ ಹಿತ್ತಲಿನಲ್ಲಿ ನಾನು ಹಪ್ಪಳ ಒಣಗಿಸುತ್ತಿದ್ದೆ. ಅಪ್ಪಾಜಿ ಬಾವಿಕಟ್ಟೆಗೆ ಒರಗಿ ಚಾಪೆಯ ಮೇಲೆ ಕೂತಿದ್ದರು. ನುಗ್ಗೆಮರದಿಂದ ಗರಗಸ ಎಳೆದಂತೆ ಒಂದು ಒರಟು ಕೂಗು ಬಂತು. ತಲೆಯೆತ್ತಿದೆ. ಬಾಲದಂಡೆ. ಗಂಡು. ಎರಡೂ ಬಾಲಗರಿ ಪೂರ್ತಿಯಾಗಿ ಜೋತುಬಿದ್ದು ಗಾಳಿಗೆ ಆಡುತ್ತಿದ್ದವು. ಕಾಡಂಚಿನ ಹಕ್ಕಿ ಊರ ನಡುವಿನ ಹಿತ್ತಲಿಗೆ ಯಾಕೆ ಬಂತೋ. ಅಪ್ಪಾಜಿಯ ಮುಖ ಮರದ ಕಡೆಗೆ ತಿರುಗಿತ್ತು.

"ಗಿರಿಜಾ, ಬಾಲದಂಡೆ ಅಲ್ವೇನವ್ವ ಅದು? ಬಂದು ಕುಂತದಾ?"

ಹೂಂ ಎಂದರೆ ಮುಗಿಯುತ್ತಿತ್ತು. ಕಂಡೆ ಅಪ್ಪಾಜಿ ಎಂದರೆ ಎರಡು ಪದ. ಆ ಹಕ್ಕಿಯ ಹೆಸರನ್ನು ಆ ಮನುಷ್ಯರ ಎದುರಿಗೆ ಮತ್ತೆ ಎತ್ತಲು ನನ್ನ ನಾಲಿಗೆ ಏಳಲಿಲ್ಲ. ಯಾವ ಮುಖ ಹೊತ್ತು ಇದೆ ಎನ್ನಲಿ, ಇದ್ದರೂ ಅವರು ಹೇಗೆ ನಂಬುತ್ತಾರೆ, ನಂಬಿದರೆ ಅದು ಇನ್ನೂ ಹೆಚ್ಚಿನ ಶಿಕ್ಷೆಯಲ್ಲವೇ ಎಂದು ನಾನು ನಿಂತೇ ಇದ್ದೆ. ಅವರು ಕಾದರು. ಬಹಳ ಹೊತ್ತು ಮುಖವೆತ್ತಿಕೊಂಡೇ ಕಾದರು. ಹಕ್ಕಿ ಹಾರಿ ಪಕ್ಕದ ಹಿತ್ತಲಿಗೆ ಹೋಯಿತು, ಸದ್ದಿಲ್ಲದೆ.

"ಇಲ್ವೇನೋ, ಬುಡು. ಕಿವೀನೂ ಓಯ್ತಾ ಅದೆ ನಂದು."

ಅಷ್ಟು ಹೇಳಿ ಅವರು ಹೆಗಲ ವಸ್ತ್ರದಿಂದ ಮುಖ ಒರೆಸಿಕೊಂಡರು. ಆಗಲೂ ನಾನು ಮಾತಾಡಲಿಲ್ಲ, ಬಗ್ಗಿ ಹಪ್ಪಳ ಮಗುಚಿದೆ. ಕೆರೆಯ ಏರಿಯ ಮೇಲೆ ಮಾಡಿದ್ದಕ್ಕೆ ನನ್ನ ವಯಸ್ಸನ್ನು ಅಡ್ಡ ಹಿಡಿಯಬಹುದು. ಹಿತ್ತಲಿನಲ್ಲಿ ಮಾಡಿದ್ದಕ್ಕೆ ಏನನ್ನೂ ಅಡ್ಡ ಹಿಡಿಯಲಾರೆ. ಅಂದಿನಿಂದ ಹಕ್ಕಿ ಕೂಗಿದರೂ ಅಪ್ಪಾಜಿ ಇದು ಇಂಥದ್ದು ಎಂದು ಹೆಸರು ಹೇಳುವುದನ್ನು ನಿಲ್ಲಿಸಿದರು.

ಪುಸ್ತಕ ಈಗಲೂ ನನ್ನ ಹತ್ತಿರವಿದೆ. ರಟ್ಟಿನ ಕೆಂಪು ಬಟ್ಟೆ ಬಿಳಿಚಿಕೊಂಡಿದೆ. ಕೊನೆಯ ಸಾಲು ಸಾಹೇಬರ ಮೊಮ್ಮಗಳ ಹೆಸರಿನದು, ನನ್ನ ದುಂಡು ಅಕ್ಷರ. ಅದರ ಕೆಳಗಿನ ಸಾಲಿನಲ್ಲಿ ಬರೆಯಬೇಕೆಂದು ಎಷ್ಟೋ ಸಲ ಸೀಸದಕಡ್ಡಿ ಹಿಡಿದು ಕೂತಿದ್ದೇನೆ. ಏನು: ಬಾಲದಂಡೆ. ಎಲ್ಲಿ: ನಮ್ಮ ಹಿತ್ತಲಿನ ನುಗ್ಗೆಮರ. ಮೊದಲು ಕಂಡವರು: ಅಪ್ಪಾಜಿ. ಅಷ್ಟು ಮನಸ್ಸಿನಲ್ಲಿ ಬರೆದಾಗಲೇ ಅವರ ಕಟ್ಟಳೆ ನೆನಪಾಗುತ್ತದೆ. ಇನ್ನೊಬ್ಬರು ಕಂಡೆ ಎಂದು ಬಾಯಿಬಿಟ್ಟು ಹೇಳಬೇಕು. ಹೇಳಬೇಕಾದವಳು ಪಕ್ಕದಲ್ಲೇ ನಿಂತಿದ್ದಳು, ಹೇಳಲಿಲ್ಲ. ಆ ಸಾಲನ್ನು ನಾನು ಖಾಲಿ ಬಿಟ್ಟಿದ್ದೇನೆ.